ಬಣ್ಣ ಬಳಿಯಲು ಕರೆಯಬೇಡಿ

ಪ್ರಶ್ನೆ: ನಾವು ನಾಲ್ವರು ಒಂಬತ್ತು ವರ್ಷಗಳಿಂದ ಗ್ರಂಥಾಲಯಗಳಿಗಾಗಿ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ತಂತ್ರಾಂಶ ನಡೆಸುತ್ತಿದ್ದೇವೆ. ಕೆಲಸದಲ್ಲಿ ದೋಷವಿಲ್ಲ, ಆದರೆ ‘ಯಾವುದು ಎಲ್ಲಿದೆಯೋ ತಿಳಿಯುವುದಿಲ್ಲ’ ಎಂಬ ದೂರು ನಿಂತಿಲ್ಲ. ಕಳೆದ ವರ್ಷ ವಿನ್ಯಾಸಕರೊಬ್ಬರು ಮೂವತ್ತು ಪರದೆಗಳ ಅಂದವಾದ ಚಿತ್ರಗಳನ್ನು ಕಳಿಸಿದರು. ನಮ್ಮ ಅರ್ಧದಷ್ಟು ಸೌಲಭ್ಯಗಳು ಅವುಗಳಲ್ಲಿ ಇರಲೇ ಇಲ್ಲ. ಆಕ್ಷೇಪ ಹೇಳಿದೆವು, ಅವರು ಮತ್ತೆ ಬರಲಿಲ್ಲ. ಈಗ ಇನ್ನೊಬ್ಬರು ಮುಂದೆ ಬಂದಿದ್ದಾರೆ. ಅವರನ್ನು ಹೇಗೆ ಸೇರಿಸಿಕೊಳ್ಳಬೇಕು?

ಉತ್ತರ: ಹೊರಟುಹೋದ ಆ ವಿನ್ಯಾಸಕರ ಜಾಗದಲ್ಲಿ ನಾನೂ ಒಮ್ಮೆ ಇದ್ದೆ. ಟಿಪ್ಪಣಿ ಬರೆದಿಡುವ ಒಂದು ತಂತ್ರಾಂಶಕ್ಕೆ ಎರಡು ತಿಂಗಳು ಸಂಜೆಯ ಹೊತ್ತು ಕುಳಿತು ಎಲ್ಲ ಪರದೆಗಳನ್ನೂ ಹೊಸದಾಗಿ ಬರೆದೆ. ಅದರಲ್ಲಿ ಅಗಲವಾದ ‘ಉಳಿಸು’ ಬಟನ್ ಒಂದಿತ್ತು. ಬರೆದದ್ದು ತಾನಾಗಿಯೇ ಉಳಿಯುವಾಗ ಇದೇಕೆಂದು ತೆಗೆದುಹಾಕಿದೆ. ‘ಇದು ಆಗದು’ ಎಂಬ ಒಂದೇ ಸಾಲಿನ ಉತ್ತರ ಬಂತು. ನಾನು ನೊಂದುಕೊಂಡು ದೂರವಾದೆ. ಇಂಟರ್‌ನೆಟ್ ಆಗಾಗ ಕೈಕೊಡುವ ಕಡೆ ಆ ಬಟನ್ನಿನ ಬಣ್ಣ ಬದಲಾಗುವುದೊಂದೇ ಬರೆದದ್ದು ಕ್ಷೇಮವಾಗಿದೆ ಎಂಬುದಕ್ಕೆ ಗುರುತಾಗಿತ್ತೆಂದು ತಿಳಿದದ್ದು ಬಹಳ ಕಾಲದ ನಂತರ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಆದ್ದರಿಂದ ಹೊಸಬರಿಂದ ಮೊದಲ ತಿಂಗಳು ಒಂದು ಚಿತ್ರವನ್ನೂ ಕೇಳಬೇಡಿ. ಚಿತ್ರ ಕೇಳಿದರೆ ನೀವು ಅವರನ್ನು ಕಟ್ಟಿ ಮುಗಿದ ಮನೆಗೆ ಬಣ್ಣ ಬಳಿಯಲು ಕರೆದಂತೆ. ಅವರ ಕೈಗೆ ಒಂದು ತೊಂದರೆಯನ್ನು ಕೊಡಿ. ಉದಾಹರಣೆಗೆ, ಓದುಗರು ಹಿಂತಿರುಗಿಸಿದ ಪುಸ್ತಕವನ್ನು ದಾಖಲಿಸುವುದು. ಆ ಕೆಲಸವನ್ನು ದಿನವೂ ಮಾಡುವ ನಾಲ್ಕೈದು ಜನರ ಪಕ್ಕದಲ್ಲಿ ಒಬ್ಬೊಬ್ಬರಾಗಿ ಕುಳಿತು ನೋಡಲಿ. ಇಷ್ಟೇ ಜನ ಸಾಕೇ ಎಂಬ ಅನುಮಾನ ಬೇಡ: ಬಳಕೆಯ ಪರೀಕ್ಷೆಗೆ ಐವರು ಸಾಕೆಂದು ಆ ಕ್ಷೇತ್ರದ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ವಾದಿಸಿದ್ದರು. ಎಲ್ಲ ದೋಷಗಳೂ ಸಿಗುವುದಿಲ್ಲ, ಆದರೆ ದೊಡ್ಡವು ಬೇಗ ಕಣ್ಣಿಗೆ ಬೀಳುತ್ತವೆ.

ಆ ಹೊತ್ತಿನಲ್ಲಿ ನಿಮ್ಮ ನಾಲ್ವರಲ್ಲಿ ಒಬ್ಬರು, ಸಾಧ್ಯವಾದರೆ ಆ ಪರದೆಯ ಕೋಡ್ ಬರೆದವರೇ, ಜೊತೆಗಿರಬೇಕು. ಬಾಯಿ ತೆರೆಯಬಾರದು. ‘ಅದು ಎರಡನೆಯ ಮೆನುವಿನಲ್ಲಿದೆ’ ಎನ್ನಲು ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ತಾನು ಬರೆದ ಬಟನ್ನನ್ನು ಇನ್ನೊಬ್ಬರು ಅರ್ಧ ನಿಮಿಷ ಹುಡುಕುವುದನ್ನು ಕಣ್ಣಾರೆ ಕಂಡ ಡೆವಲಪರ್ ಆಮೇಲೆ ವಿನ್ಯಾಸಕರೊಂದಿಗೆ ವಾದಕ್ಕೆ ಇಳಿಯುವುದು ಕಡಿಮೆ. ನಾನು ಕೆಲಸ ಮಾಡಿದ ತಂಡಗಳಲ್ಲಿ ಇದಕ್ಕಿಂತ ಬಲವಾದ ಔಷಧವನ್ನು ಕಂಡಿಲ್ಲ.

ಟೀಕಿಸಿದವರನ್ನೇ ಒಳಗೆ ಕರೆದುಕೊಂಡ ತಂಡವೂ ಇದೆ. ಸಂಗೀತದ ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶದ ವಿನ್ಯಾಸದ ದೋಷಗಳನ್ನು ಮಾರ್ಟಿನ್ ಕೀರಿ ಎಂಬ ಸಂಗೀತ ಸಂಯೋಜಕ 2019ರಲ್ಲಿ ವಿಡಿಯೊ ಮಾಡಿ ಎತ್ತಿ ತೋರಿಸಿದರು. ತಂಡ ಅವರಿಗೇ ವಿನ್ಯಾಸದ ಮುಖ್ಯಸ್ಥರ ಹೊಣೆ ಕೊಟ್ಟಿತು. ಹೊಸ ರೂಪದ ನಾಲ್ಕನೆಯ ಆವೃತ್ತಿ ಹೊರಬಂದದ್ದು 2022ರ ಡಿಸೆಂಬರ್‌ನಲ್ಲಿ. ಮೂರು ವರ್ಷಗಳ ಆ ಅಂತರವನ್ನು ಗಮನಿಸಿ. ಒಂದು ಬೇಸಿಗೆ ರಜೆಯಲ್ಲಿ ಎಲ್ಲವನ್ನೂ ಬದಲಿಸುವ ಆಸೆ ಬೇಡ. ಒಂದು ಪರದೆ ಮುಗಿಸಿ, ಜನರ ಕೈಗೆ ಕೊಟ್ಟು, ಮುಂದಿನದಕ್ಕೆ ಹೋಗಿ.

ನೀವು ಬರೆದಿಲ್ಲವಾದರೂ ಹಳೆಯ ಬಳಕೆದಾರರ ಕೋಪದ ಭಯ ನಿಮಗಿರುತ್ತದೆ. ಅದು ಸುಳ್ಳು ಭಯವಲ್ಲ. ದಿನಕ್ಕೆ ನೂರಾರು ಪುಸ್ತಕ ದಾಖಲಿಸುವವರು ಪರದೆಯನ್ನು ನೋಡುವುದೇ ಇಲ್ಲ. ಟ್ಯಾಬ್ ಕೀಲಿಯನ್ನು ಎಷ್ಟು ಸಲ ಒತ್ತಬೇಕೆಂಬುದು ಅವರ ಬೆರಳಿಗೆ ಗೊತ್ತು. ಆ ಕ್ರಮ ಕೆಟ್ಟರೆ ಎಷ್ಟೇ ಸುಂದರ ಪರದೆಯೂ ಅವರಿಗೆ ಹಿಂಸೆ. ವಸ್ತುಗಳನ್ನು ಮೌಸ್‌ನ ಬಲಗುಂಡಿಯಿಂದ ಆರಿಸುವುದು ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶದ ಬಹುಕಾಲದ ಪದ್ಧತಿಯಾಗಿತ್ತು. 2019ರ ಜುಲೈನಲ್ಲಿ ಬಂದ 2.80 ಆವೃತ್ತಿಯಲ್ಲಿ ಹೊಸಬರಿಗಾಗಿ ಎಡಗುಂಡಿಯನ್ನು ಸಹಜ ಆಯ್ಕೆಯಾಗಿ ಮಾಡಿದರು, ಬಲಗುಂಡಿ ಬೇಕೆನ್ನುವವರಿಗೆ ಅದನ್ನೂ ಉಳಿಸಿದರು. ಆದರೆ ಪ್ರತಿ ಜಗಳಕ್ಕೂ ಒಂದೊಂದು ಆಯ್ಕೆ ಸೇರಿಸುತ್ತ ಹೋಗಬೇಡಿ. ಅಷ್ಟನ್ನೂ ಪ್ರತಿ ಆವೃತ್ತಿಯಲ್ಲಿ ಪರೀಕ್ಷಿಸುವವರು ನೀವೇ.

ಅಧಿಕಾರದ ವಿಷಯ ಮೊದಲೇ ಇತ್ಯರ್ಥವಾಗಲಿ. ಪರದೆಯ ಬಗ್ಗೆ ಒಮ್ಮತ ಬಾರದಿದ್ದರೆ ಕೊನೆಯ ಮಾತು ಯಾರದು? ಅದನ್ನು ಕೋಡ್ ಇರುವ ಜಾಗದಲ್ಲೇ ಬರೆದಿಡಿ. ಒಪ್ಪಿಕೊಂಡ ನಿಯಮಗಳನ್ನೂ ಅಲ್ಲೇ ಸೇರಿಸಿ: ಬಟನ್‌ಗಳ ಕ್ರಮ, ಪದಗಳ ಬಳಕೆ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಡೆಸ್ಕ್‌ಟಾಪ್‌ನ ಬಳಕೆಯನ್ನು ಪರೀಕ್ಷಿಸಿದ ಬಳಿಕ ಆ ಸಮುದಾಯ ಇಂಟರ್‌ಫೇಸ್ ಮಾರ್ಗಸೂಚಿಯನ್ನೇ ಬರೆದುಕೊಂಡಿತು. ಬರೆದಿಟ್ಟ ನಿಯಮವಿದ್ದರೆ ಚರ್ಚೆ ‘ನನಗೆ ಇಷ್ಟವಿಲ್ಲ’ ಎಂಬಲ್ಲಿಂದ ಮೇಲೇಳುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಕೋಡ್ ಬರೆದವರ ಹೆಸರು ಪ್ರತಿ ಬದಲಾವಣೆಯೊಂದಿಗೂ ತಾನಾಗಿ ದಾಖಲಾಗುತ್ತದೆ. ವಿನ್ಯಾಸಕರು ಮೂರು ವಾರ ಯೋಚಿಸಿ ಒಂದು ಮೆನುವನ್ನು ತೆಗೆಸಿದರೆ ಇತಿಹಾಸದಲ್ಲಿ ಉಳಿಯುವುದು ಅದನ್ನು ಅಳಿಸಿದವರ ಹೆಸರು. ವಿನ್ಯಾಸಕರ ಹೆಸರನ್ನು ನೀವೇ ಬರೆಯಿರಿ. ದೇಣಿಗೆಯ ಹಣದಿಂದ ಡೆವಲಪರ್‌ಗೆ ಸಂಭಾವನೆ ಕೊಡುತ್ತಿದ್ದರೆ ವಿನ್ಯಾಸಕರಿಗೂ ಕೊಡಿ.

ಪ್ರಶ್ನೆ: ನಾನು ವಿನ್ಯಾಸದ ವಿದ್ಯಾರ್ಥಿನಿ. ಕೋಡ್ ಬರೆಯಲು ಬಾರದು. ಇಂಥ ತಂಡದಲ್ಲಿ ನನಗೆ ಕೆಲಸವಿದೆಯೇ?

ಉತ್ತರ: ಖಂಡಿತ ಇದೆ. ತಂತ್ರಾಂಶವನ್ನು ಎರಡು ವಾರ ನೀವೇ ಬಳಸಿ, ಎಡವಿದ ಜಾಗಗಳನ್ನು ಬರೆದಿಡಿ. ಮೊದಲ ಕೊಡುಗೆಯಾಗಿ ಒಂದು ದೋಷ ಸಂದೇಶವನ್ನು ಆರಿಸಿಕೊಳ್ಳಿ. ಒಂದೇ ಸಂಖ್ಯೆಯನ್ನು ಎರಡು ಸಲ ದಾಖಲಿಸಿದಾಗ, ಮಾಹಿತಿ ಸಂಗ್ರಹಿಸಿಡುವ ಮೈಎಸ್‌ಕ್ಯೂಎಲ್ ತಂತ್ರಾಂಶ ‘ದೋಷ 1062’ ಎನ್ನುತ್ತದೆ. ಅದೇ ಪರದೆಗೂ ಬಂದರೆ ಕೌಂಟರಿನಲ್ಲಿ ಕುಳಿತವರು ಕಂಗಾಲಾಗುತ್ತಾರೆ. ‘ಈ ಸಂಖ್ಯೆಯ ಪುಸ್ತಕ ಈಗಾಗಲೇ ದಾಖಲಾಗಿದೆ, ಅದನ್ನು ತೆರೆಯಲೇ?’ ಎಂದು ಬರೆದು ಕಳಿಸಿ.