ಎಲ್ಲ ಹಕ್ಕೂ ಬರೆದುಕೊಟ್ಟ ಮೇಲೂ ಹಾಡಿಗೆ ರಾಯಲ್ಟಿ ಬರುತ್ತಾ?

ಮೂರು ವರ್ಷದ ಹಿಂದೆ ಸಿನಿಮಾಗೆ ಹಾಡು ಬರೆದಿರಿ. ಒಂದೇ ಸಲ ದುಡ್ಡು ಕೊಟ್ಟು, ಸಕಲ ಹಕ್ಕುಗಳನ್ನೂ ಬರೆಸಿಕೊಂಡರು. ಈಗ ಸ್ಪಾಟಿಫೈ, ಯೂಟ್ಯೂಬ್‌ನಲ್ಲಿ ಹಾಡು ಚೆನ್ನಾಗಿ ಓಡುತ್ತಿದೆ, ನನಗೂ ಏನಾದರೂ ಸಿಗುತ್ತಾ ಅಂತ ಕೇಳಿದ್ದೀರಿ.

ಸಿಗಬೇಕು. ನಾನೂ ಹಾಡು ಬರೆಯುವವನೇ, ಇಂಥ ಅಗ್ರಿಮೆಂಟಿಗೆ ಸಹಿ ಹಾಕಿದವನೇ. ಹಾಡಿನ ಹಕ್ಕು ಮಾರಬಹುದು, ಆದರೆ ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಸಿದಾಗ ಬರುವ ದುಡ್ಡಿನಲ್ಲಿ, ನಮಗಿರುವ ಪಾಲನ್ನು ಮಾರೋಕೆ ಬರಲ್ಲ. ಮೊದಲು ಹೀಗಿರಲಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್ ಸಿನಿಮಾ ಹಾಡಿನ ಹಕ್ಕಿನ ವಿಷಯದಲ್ಲಿ ನಿರ್ಮಾಪಕರ ಪರ ತೀರ್ಪು ಕೊಟ್ಟಿತ್ತು. ಆಮೇಲೆ ಎಷ್ಟೋ ವರ್ಷ ಬರೆದವರಿಗೆ, ರಾಗ ಹಾಕಿದವರಿಗೆ ಮೊದಲು ಕೊಟ್ಟಿದ್ದೇ ಕೊನೆ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿಯಾಯಿತು. ಅದಕ್ಕಾಗಿ ರಾಜ್ಯಸಭೆಯಲ್ಲಿ ಗಟ್ಟಿಯಾಗಿ ಮಾತಾಡಿದವರು ಹಿಂದಿ ಸಿನಿಮಾ ಗೀತರಚನೆಕಾರ ಜಾವೇದ್ ಅಖ್ತರ್. ಆ ತಿದ್ದುಪಡಿಯ ಪ್ರಕಾರ, ಥಿಯೇಟರಿನಲ್ಲಿ ಸಿನಿಮಾ ಜೊತೆ ಹಾಡು ಬಂದರೆ ನಮಗೇನೂ ಇಲ್ಲ. ಬೇರೆಡೆ ಬಳಸಿದರೆ, ಹಕ್ಕು ಪಡೆದವರ ಜೊತೆ ಸಮಪಾಲು. ಈ ಪಾಲನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ (ಸದಸ್ಯರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ) ಮಾತ್ರ ಕೊಡಬಹುದು. 'ರಾಯಲ್ಟಿ ಬೇಡ' ಅಂತ ಬರೆಸಿಕೊಂಡಿದ್ದರೂ ಆ ಸಾಲಿಗೆ ಬೆಲೆಯಿಲ್ಲ.

ಆದರೆ ದುಡ್ಡು ತಾನಾಗಿಯೇ ಮನೆಗೆ ಬರಲ್ಲ. ಹಾಡು ಬರೆದವರ, ರಾಗ ಹಾಕಿದವರ ಕಾಪಿರೈಟ್ ಸೊಸೈಟಿ ಐಪಿಆರ್‌ಎಸ್. ಅದರ ಸದಸ್ಯರಾಗಬೇಕು. ಸದಸ್ಯರಾಗಿ ಸುಮ್ನೆ ಕೂತರೂ ಆಗಲ್ಲ, ಒಂದೊಂದು ಹಾಡನ್ನೂ ಅಲ್ಲಿ ನೋಂದಾಯಿಸಬೇಕು. ನಮ್ಮವರು ಜಾಸ್ತಿ ಎಡವೋದೇ ಇಲ್ಲಿ. ಬರುವ ರಾಯಲ್ಟಿಯಲ್ಲಿ ಸಾಮಾನ್ಯವಾಗಿ ಅರ್ಧ ಪಬ್ಲಿಷರ್‌ಗೆ, ಅಂದರೆ ಹಾಡಿನ ಹಕ್ಕು ಪಡೆದವರಿಗೆ, ಹೋಗುತ್ತದೆ, ಉಳಿದರ್ಧವನ್ನು ಸಂಗೀತ ನಿರ್ದೇಶಕರೂ ನೀವೂ ಹಂಚಿಕೊಳ್ಳಬೇಕು. ಹಾಡಿದವರ ಹಕ್ಕು ಬೇರೆ, ಅವರ ಸೊಸೈಟಿಯೂ ಬೇರೆ.

ಮೊತ್ತದ ಬಗ್ಗೆ ಮಾತ್ರ ಆಸೆ ಕಡಿಮೆ ಇಟ್ಟುಕೊಳ್ಳಿ. ಒಂದು ಸಲ ಕೇಳಿದರೆ ಇಷ್ಟು ಪೈಸೆ ಅನ್ನೋ ನಿಗದಿತ ದರ ಇಲ್ಲ. ಚಂದಾ, ಜಾಹೀರಾತಿನ ದುಡ್ಡನ್ನೆಲ್ಲ ಒಂದೆಡೆ ಸೇರಿಸಿ, ಯಾವ ಹಾಡು ಎಷ್ಟು ಓಡಿತು ಅಂತ ನೋಡಿ ಹಂಚುತ್ತಾರೆ. ಅದರಲ್ಲೂ ದೊಡ್ಡ ಪಾಲು ರೆಕಾರ್ಡಿಂಗ್ ಯಾರದೋ ಅವರಿಗೆ, ಅಂದರೆ ಆಡಿಯೋ ಕಂಪನಿಗೆ. ಸಾಹಿತ್ಯಕ್ಕೂ ರಾಗಕ್ಕೂ ಸೇರಿ ಬರುವುದು ಚಿಕ್ಕ ಪಾಲು. ಬಿಟ್ಟಿಯಾಗಿ ಕೇಳುವವರೇ ತುಂಬಿರುವ ನಮ್ಮ ದೇಶದಲ್ಲಿ ಲಕ್ಷ ವ್ಯೂಸ್ ಅಂದರೆ ಲಕ್ಷ ರೂಪಾಯಿ ಅಲ್ಲ, ಅದರ ಹತ್ತಿರಕ್ಕೂ ಬರಲ್ಲ. ನನ್ನ ಪ್ರಕಾರ ಇದು ನ್ಯಾಯ ಅಲ್ಲ, ಆದರೆ ಸದ್ಯಕ್ಕೆ ಇರೋದು ಹೀಗೆ.

ಮೊದಲು ಅಗ್ರಿಮೆಂಟಿನ ಪ್ರತಿ ಇದೆಯಾ ನೋಡಿ, ಇಲ್ಲದಿದ್ದರೆ ಕೇಳಿ ಇಸಕೊಳ್ಳಿ. ಆಪ್‌ನಲ್ಲಿ ಹಾಡಿನ ಕ್ರೆಡಿಟ್ಸ್ ತೆರೆದು ನೋಡಿ. ಸಾಹಿತ್ಯ ಅನ್ನೋ ಜಾಗದಲ್ಲಿ ಬೇರೆಯವರ ಹೆಸರೋ, ತಪ್ಪು ಸ್ಪೆಲ್ಲಿಂಗೋ ಇದ್ದರೆ ಆಡಿಯೋ ಕಂಪನಿಗೆ ಇಮೇಲ್‌ನಲ್ಲೇ ಬರೆಯಿರಿ, ಫೋನಿನಲ್ಲಿ ಬೇಡ.