ಆಸಾರ್ ಮಹಲ್‌ನ ಪುಸ್ತಕ ಲಂಡನ್‌ದಾಗ ಅದಾವ, ವಾಪಸ್ ಕೇಳಾಕ ಹಿಂಜರೀಬ್ಯಾಡ ತಮ್ಮಾ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಬಾಗಲಕೋಟಿಂದ ಲಂಡನ್ನಿಗೆ ಎಂಎಸ್ಸಿ ಓದಾಕ ಈಗಷ್ಟ ಬಂದೀದಿ, ಬಾಡಗಿ, ಥಂಡಿ, ಪಾರ್ಟ್ ಟೈಮ್ ಕೆಲಸ ಎಲ್ಲಾ ಕೇಳಿದಿ, ಅದರ ಜೋಡಿ ಇನ್ನೊಂದು ಕೇಳಿದಿ. ಬ್ರಿಟಿಷ್ ಮ್ಯೂಸಿಯಂ ನೋಡಿ ಬಂದ ದಿನ ಹಾಸ್ಟೆಲ್ ಕಿಚನ್‌ದಾಗ ಒಬ್ಬ ಕ್ಲಾಸ್‌ಮೇಟ್ "ನಾವು ತರಲಿಲ್ಲಂದ್ರ ಇವೆಲ್ಲಾ ಹಾಳಾಗಿ ಹೋಗ್ತಿದ್ದು" ಅಂದ, ನನಗ ಏನ್ ಹೇಳಬೇಕು ತಿಳೀಲಿಲ್ಲ, ಇಂಥಾ ವಿಷಯ ಇಲ್ಲಿ ಮಾತಾಡಬೇಕೋ ಸುಮ್ಮಿರಬೇಕೋ ಅಣ್ಣಾರ, ವಾಪಸ್ ಕೊಡಬೇಕು ಅಂತೀರೇನು ಅಂತ.

ಮೊದಲನೇದ್ದು ಬೇಗ ಹೇಳಿಬಿಡ್ತೀನಿ. ಟರ್ಮ್ ನಡದಾಗ ವಾರಕ್ಕ 20 ತಾಸಿನ ಮ್ಯಾಲ ಕೆಲಸ ಮಾಡಬ್ಯಾಡ, ಯಾರು ಎಷ್ಟ ಆಸೆ ತೋರಿಸಿದ್ರೂ, ವೀಸಾಕ್ಕ ಕುತ್ತು. ರೂಮ್ ನೋಡದ ಡಿಪಾಸಿಟ್ ಹಾಕಬ್ಯಾಡ. ಜೋಳದ ಹಿಟ್ಟು ಇಂಡಿಯನ್ ಅಂಗಡ್ಯಾಗ ಸಿಗತೈತಿ.

ಇನ್ನ ಎರಡನೇದ್ದು. ಹೌದು, ವಾಪಸ್ ಕೊಡಬೇಕು. ಮತ್ತ ನೀ ಮಾತಾಡು, ಸಿಟ್ಟಿಲೆ ಬ್ಯಾಡ, ವಿಷಯ ತಿಳ್ಕೊಂಡು ಮಾತಾಡು, ಇಲ್ಲಿ ಜನ ಕೇಳ್ತಾರ, ಇಷ್ಟು ವರ್ಷದಾಗ ನಾ ನೋಡೀನಿ, ಊರು ಹೆಸರು ಇಸವಿ ಹಿಡಿದು ಹೇಳಿದ್ರ ಎದುರಿನವ್ರೂ ವಿಚಾರ ಮಾಡ್ತಾರ. ಕೋಹಿನೂರ್ ಒಂದ ಹಿಡ್ಕೊಂಡು ಕೂತ್ರ ಮಾತು ಅಲ್ಲೇ ನಿಂತಬಿಡತೈತಿ, ಅದು ಎಲ್ಲಾರೂ ಹೇಳಿ ಹೇಳಿ ಸವೆದ ಮಾತು. ನಾವು ವಿಜಾಪುರ ಬಾಗಲಕೋಟಿ ಕಡೆಯವ್ರು ನಮ್ಮ ಮನಿದ ಹೇಳಬಹುದಲ್ಲ.

ನಾ ವಿಜಾಪುರದಾವ, ಹಂಗಾಗಿ ನಮ್ಮೂರಿನ ಆಸಾರ್ ಮಹಲ್ ಅನ್ನೋ ಹಳೇ ಕಟ್ಟಡದ್ದು ಹೇಳ್ತೀನಿ. ಆದಿಲ್‌ಶಾಹಿ ಅರಸರ ಕಾಲದ ಅರಬ್ಬಿ ಫಾರಸಿ ಹಸ್ತಪ್ರತಿ ಅಲ್ಲಿದ್ದು, ಧರ್ಮ, ಕಾನೂನು, ವೈದ್ಯ, ಸೂಫಿಗಳದ್ದು, ಎಷ್ಟೋ ಪುಸ್ತಕದ ಮ್ಯಾಲ ಅರಸರ ಮುದ್ರಿ ಐತಿ. 1848ರಾಗ ಸಾತಾರಾ ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಯವ್ರು ನುಂಗಿದ್ರು, ಅದರ ಜೋಡಿ ವಿಜಾಪುರನೂ ಅವರ ಕೈಗೆ ಹೋತು, 1853ರಾಗ ಆ ಪುಸ್ತಕ ಲಂಡನ್ನಿಗೆ ಹೋದ್ವು. ಈಗ ಬ್ರಿಟಿಷ್ ಲೈಬ್ರರಿಯಾಗ ಅದಾವ. ಹುಳ ಹಿಡಿಯಾಕತ್ತಾವ, ನೋಡ್ಕೊಳ್ಳೋವ್ರು ಯಾರೂ ಇಲ್ಲ ಅನ್ನೋದು ಆವಾಗಿನ ಕಾರಣ, ನಿನ್ನ ಕ್ಲಾಸ್‌ಮೇಟ್ ಹೇಳಿದ್ದೂ ಇದ ಕಾರಣ. ಹುಳ ಹಿಡಿದಿರಬಹುದು, ನಾ ಇಲ್ಲ ಅನ್ನಂಗಿಲ್ಲ. ಆದ್ರ ಆವಾಗ ಊರಿನ ಸರ್ಕಾರ ಯಾರದು? ಐದು ವರ್ಷದಿಂದ ಅವರದ ಇತ್ತು. ಕಂದಾಯ ಎತ್ತೋ ಸರ್ಕಾರಕ್ಕ ಅಲ್ಲೇ ಒಂದು ಖೋಲಿ ರಿಪೇರಿ ಮಾಡಿಸಿ ನಾಲ್ಕು ಮಂದಿ ಇಡಾಕ ಆಗ್ತಿರಲಿಲ್ಲೇನು? ಊರವ್ರನ್ನ ಕೇಳಿದ್ರೇನು? ಕಾಪಾಡಾಕ ಒಯ್ದೀವಿ ಅಂದ್ರ ಒಪ್ಪೂಣು, ಆದ್ರ ಕಾಪಾಡಿದ್ದು ಮುಗಿದ ಮ್ಯಾಲ ವಾಪಸ್ ಕೊಡಬೇಕಲ್ಲ, ನೆರೆಮನಿಗೆ ಬೆಂಕಿ ಹತ್ತಿದಾಗ ತಿಜೋರಿ ಹೊತ್ಕೊಂಡು ಬಂದಾವ ಬೆಂಕಿ ಆರಿದ ಮ್ಯಾಲ ಅದನ್ನ ತನ್ನ ಮನ್ಯಾಗ ಇಟ್ಕೊಂಡು ಕೂಡಂಗಿಲ್ಲ.

ಇನ್ನೊಂದು ಕೇಳು. ಪುಸ್ತಕ ಒಯ್ದ ಮರುವರ್ಷ, 1854ರಾಗ, ವಿಜಾಪುರದ ಮಲಿಕ್-ಎ-ಮೈದಾನ ತೋಪು ಹರಾಜಿಗೆ ಬಂತು. ಸುಮಾರು 55 ಟನ್ ತೂಕದ ತೋಪು, ಸಿಂಹದ ಬಾಯಿ ಆನಿ ನುಂಗೋ ಹಂಗ ಕೆತ್ತಿದ್ದು, ಬರೇ 150 ರೂಪಾಯಿಗೆ ಹರಾಜಾತು, ಆಮ್ಯಾಲ ಅದನ್ನ ರದ್ದು ಮಾಡಿದ್ರು ಅಂತ ಉಳಕೊಂಡೈತಿ. ನಮ್ಮೂರಿನ ಒಂದು ಮಸೀದಿಯಂತೂ ಡಾಕ್ ಬಂಗಲೆ ಆಗಿತ್ತು, ಮುಂದ ಕರ್ಜನ್ ವೈಸರಾಯ್ ಆದ ಮ್ಯಾಲ ಖಾಲಿ ಮಾಡಿಸಿದ. ಕರ್ಜನ್ ಮಾಡಿದ ಒಳ್ಳೇದು ನಾ ಮನಸಾರೆ ಒಪ್ತೀನಿ. ಆದ್ರ ಕಾಪಾಡೋದು ಅವರಿಗಷ್ಟ ಗೊತ್ತಿತ್ತು, ನಮಗ ಗೊತ್ತಿರಲಿಲ್ಲ ಅನ್ನೋದು ಖರೇ ಅಲ್ಲ. ಇಲ್ಲಿ ಭದ್ರ ಐತಿ ಅನ್ನೋವ್ರಿಗೆ 2023 ನೆನಪ ಮಾಡು, ಬ್ರಿಟಿಷ್ ಮ್ಯೂಸಿಯಂನಿಂದ ಸುಮಾರು 2,000 ವಸ್ತು ಕಳುವಾಗ್ಯಾವ, ಕಾಣೆಯಾಗ್ಯಾವ, ಇಲ್ಲಾ ಹಾಳಾಗ್ಯಾವ ಅಂತ ಅವರ ಹೊರಗ ಹೇಳಬೇಕಾತು, ಡೈರೆಕ್ಟರ್ ಕುರ್ಚಿ ಬಿಟ್ರು.

ಈಗ ನನಗ ಭಾಳ ಮುಖ್ಯ ಅನಸೋ ಮಾತು. ಇಲ್ಲಿ ಓದಿದ ಮಂದಿ ಒಂದು ವಾದ ಮಾಡ್ತಾರ, ಹಳೇ ಕಾಲದಾಗ ಗೆದ್ದವ್ರು ತಕ್ಕೊಂಡು ಹೋಗೋದ ಪದ್ಧತಿ, ಆ ಕಾಲದ ಕೆಲಸಕ್ಕ ಇವತ್ತಿನ ನ್ಯಾಯ ಹಚ್ಚಬ್ಯಾಡ್ರಿ ಅಂತ. ಬಾಗಲಕೋಟಿ ಹುಡುಗನ ಮುಂದ ಈ ವಾದ ನಿಲ್ಲಂಗಿಲ್ಲ ತಮ್ಮಾ. 642ರಾಗ ಪಲ್ಲವರ ನರಸಿಂಹವರ್ಮ ಇಮ್ಮಡಿ ಪುಲಿಕೇಶಿನ್ನ ಸೋಲಿಸಿ ಬಾದಾಮಿ ಹಿಡದ, ವಾತಾಪಿಕೊಂಡ, ಅಂದ್ರ ಬಾದಾಮಿ ಗೆದ್ದಾವ, ಅಂತ ಬಿರುದು ಹಚ್ಚಿಕೊಂಡ, ಬಾದಾಮಿ ಬಂಡಿಗಲ್ಲಿನ ಮ್ಯಾಲ ಶಾಸನನೂ ಕೆತ್ತಿಸಿದ. ಬಾದಾಮಿ ಗಣಪತಿನ್ನ ಆವಾಗ ತಮಿಳು ನಾಡಿಗೆ ಒಯ್ದ್ರು ಅಂತ ಜನ ಇವತ್ತಿಗೂ ಹೇಳ್ತಾರ. ನೂರು ವರ್ಷದ ಮ್ಯಾಲ ನಮ್ಮ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಪಲ್ಲವರ ಕಾಂಚಿ ಗೆದ್ದ. ಸೇಡು ತೀರಿಸಿಕೊಳ್ಳಾಕ ಅವಗ ಎಲ್ಲಾ ಕಾರಣ ಇತ್ತು, ಸೈನ್ಯ ಒಳಗ ಹೊಕ್ಕಿತ್ತು, ರಾಜಸಿಂಹೇಶ್ವರ ಗುಡಿಯ (ಈಗ ಕೈಲಾಸನಾಥ ಗುಡಿ ಅಂತಾರ) ಬಂಗಾರ ಕಣ್ಣ ಮುಂದ ಇತ್ತು. ಅಂವ ಅದನ್ನ ತರಲಿಲ್ಲ, ದೇವರಿಗೇ ತಿರುಗಿ ಬಿಟ್ಟ. ಇದು ಅಜ್ಜಿ ಹೇಳಿದ ಕತಿ ಅಲ್ಲ, ಕಾಂಚಿ ಕೈಲಾಸನಾಥ ಗುಡಿಯ ಕಂಬದ ಮ್ಯಾಲ ಕನ್ನಡದಾಗ ಕೆತ್ತಿದ್ದು ಇವತ್ತೂ ಐತಿ! ಆ ವಿಜಯದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲದಾಗ ಕಟ್ಟಿಸಿದ್ದ ನೀ ಸಾಲಿ ಟ್ರಿಪ್ಪಿನ್ಯಾಗ ನೋಡಿರಬಹುದಾದ ವಿರೂಪಾಕ್ಷ ಗುಡಿ. ಎಂಟನೇ ಶತಮಾನದಾಗ, ಗೆದ್ದ ಗಳಿಗ್ಯಾಗ, ಗುಡಿ ಸೊತ್ತು ಗುಡಿಗೇ ಸೇರಬೇಕು ಅನ್ನೋ ತಿಳುವಳಿಕಿ ಒಬ್ಬ ಅರಸಗ ಇತ್ತು ಅಂದ್ರ, 1849ರಾಗ ಪಂಜಾಬಿನ ಹತ್ತು ವರ್ಷದ ಅರಸ ದುಲೀಪ್ ಸಿಂಗ್‌ನ ಕೈಯಿಂದ ಕೋಹಿನೂರ್ ಬರಸ್ಕೊಂಡವ್ರಿಗೆ ಅದು ಗೊತ್ತಿರಲಿಲ್ಲ ಅಂತ ನಾ ಹೆಂಗ ಒಪ್ಪಲಿ?

ನಿನ್ನನ್ನ ತಿರುಗಿ ಕೇಳ್ತಾರ, ತಯಾರಿರು. ಐಹೊಳಿ ಹುಚ್ಚಪ್ಪಯ್ಯನ ಗುಡಿಯ ಛತ್ತಿನ ಶಿಲ್ಪ, ಬ್ರಹ್ಮ ವಿಷ್ಣು ಶಿವ, ಇವತ್ತು ಮುಂಬೈ ಮ್ಯೂಸಿಯಂನಾಗ ಅದಾವ, ಮಲಿಕ್-ಎ-ಮೈದಾನ ತೋಪು ಸ್ವತಃ 1549ರಾಗ ಅಹ್ಮದನಗರದಾಗ ಎರಕ ಹೊಯ್ದಿದ್ದು. ಹಂಗಾರ ಮೊದಲ ನಿಮ್ಮ ನಿಮ್ಮೊಳಗ ಕೊಟ್ಟು ತಗೋರಿ ಅಂತಾರ. ಐಹೊಳಿದ್ದು ಐಹೊಳಿಗೆ ಬರಬೇಕು ಅಂತ ನನಗ ಅನಸತೈತಿ, ಅಲ್ಲೇ ಮ್ಯೂಸಿಯಂ ಐತಿ. ಆದ್ರ ಐಹೊಳಿಯವ್ರು ಮುಂಬೈಗೆ ರಾತ್ರಿ ಬಸ್ ಹತ್ತಿ ಹೋಗಿ ನೋಡಬಹುದು, ಅಲ್ಲಿ ನಮ್ಮ ಕಾನೂನು ನಡೀತೈತಿ, ನಮ್ಮ ಕೋರ್ಟಿಗೆ ಹೋಗಬಹುದು. ಲಂಡನ್ನಿಗೆ ಬರಾಕ ವೀಸಾ ಬೇಕು, ಲಕ್ಷಗಟ್ಟಲೆ ರೊಕ್ಕ ಬೇಕು, ಎರಡೂ ಒಂದ ತಕ್ಕಡಿಯಾಗ ಹಾಕಾಕ ಬರಂಗಿಲ್ಲ.

ಕೊಡಾಕ ಆಗಂಗಿಲ್ಲ ಅನ್ನೋದೂ ಈಗ ಉಳಿದಿಲ್ಲ. ಫ್ರಾನ್ಸ್ 2020ರಾಗ ಪಾರ್ಲಿಮೆಂಟಿನ್ಯಾಗ ಕಾಯ್ದೆ ಮಾಡಿ ಮರುವರ್ಷ ಬೆನಿನ್ ದೇಶಕ್ಕ 26 ವಸ್ತು ಕೊಟ್ಟಿತು, ಜರ್ಮನಿ 2022ರಾಗ ಸಾವಿರಕ್ಕ ಮಿಕ್ಕಿ ಬೆನಿನ್ ಕಂಚಿನ ವಸ್ತುಗಳ (ಇದು ಈಗಿನ ನೈಜೀರಿಯಾದಾಗಿದ್ದ ಹಳೇ ಬೆನಿನ್ ರಾಜ್ಯದ್ದು) ಒಡೆತನ ನೈಜೀರಿಯಾಕ್ಕ ಬರದು ಕೊಟ್ಟಿತು, ಅದ ವರ್ಷ ಗ್ಲಾಸ್ಗೋ ಮ್ಯೂಸಿಯಂನವ್ರು ನಮ್ಮ ಭಾರತಕ್ಕ ಏಳು ವಸ್ತು ಕೊಡಾಕ ಸಹಿ ಹಾಕಿದ್ರು. ಮೊದಲ ಒಡೆತನ ಕೊಡ್ರಿ, ಕೆಲವು ಅಲ್ಲೇ ಸಾಲವಾಗಿ ಇಟ್ಕೋತೀವಿ ಅಂದ್ರ ಅದು ನ್ಯಾಯ. ಉಲ್ಟಾ ಮಾಡಿದ್ರ ನನಗ ಹೊಟ್ಟಿ ಉರೀತೈತಿ. ಶಿವಾಜಿ ಮಹಾರಾಜರದು ಅಂತ ಹೇಳೋ ವಾಘನಖ, ಅಂದ್ರ ಹುಲಿ ಉಗುರಿನಂಥ ಆಯುಧ, 2024ರಾಗ ಸಾತಾರಾಕ್ಕ ಬಂತಲ್ಲ, ನಮ್ಮ ಬೆಳಗಾವಿ ಮಂದಿನೂ ನೋಡಾಕ ಹೋಗಿದ್ರು, ಅದು ಮೂರು ವರ್ಷದ ಸಾಲಕ್ಕಷ್ಟ. ಉತ್ತರ ಪ್ರದೇಶದ ಪಿಪ್ರಾಹ್ವಾದಾಗ ಬುದ್ಧನ ಅವಶೇಷದ ಜೋಡಿ ಸಿಕ್ಕ ರತ್ನಗಳು 2025ರಾಗ ಹಾಂಗ್‌ಕಾಂಗ್ ಹರಾಜಿಗೆ ಬಂದಿದ್ದು, ಸರ್ಕಾರ ನೋಟಿಸ್ ಕೊಟ್ಟು ನಿಲ್ಲಿಸಿತು, ಕೊನೀಗೆ ಗೋದ್ರೆಜ್‌ನವ್ರು ಕೊಂಡ ಮ್ಯಾಲ ಮನಿಗೆ ಬಂದ್ವು. ನಮ್ಮದ ನಾವು ರೊಕ್ಕ ಕೊಟ್ಟು ಬಿಡಿಸ್ಕೋಬೇಕು.

ನಮ್ಮ ಕಡಿಂದನೂ ಕೆಲಸ ಐತಿ. ಆಸಾರ್ ಮಹಲ್‌ನ ಪುಸ್ತಕ ನಾಳೆ ಬಂದ್ರ ವಿಜಾಪುರದಾಗ ಎಲ್ಲಿ ಇಡೋದು? ವಿಜಾಪುರದ ಬ್ಯಾಸಗಿ ಧಗಿ ತಡಿಯೋ ಖೋಲಿ, ಗೆದ್ದಲು ಬರದ ಕಪಾಟು, ಹಳೇ ಕಾಗದ ರಿಪೇರಿ ಮಾಡೋ ಕಲಿತ ಮಂದಿ, ಫಾರಸಿ ಓದೋ ಹುಡುಗರು, ಇದೆಲ್ಲಾ ಕಟ್ಟಬೇಕು. ಅದು ಆಗೋ ಕೆಲಸ. ಆದ ಮ್ಯಾಲ ಅಸಲು ವಿಜಾಪುರದಾಗ ಇರಲಿ, ಡಿಜಿಟಲ್ ಕಾಪಿ ಲಂಡನ್ನಿನ್ಯಾಗ ಇರಲಿ. ಈಗ ನಮಗ ಕಾಪಿ ನೋಡ್ರಿ ಸಾಕು ಅಂತಾರಲ್ಲ, ಕಾಪಿ ಅಷ್ಟ ಚಲೋ ಇದ್ರ ಅವರ ಇಟ್ಕೊಳ್ಳಿ.

ನೀ ಈಗ ಮಾಡೋದು ಇಷ್ಟ. ಬ್ರಿಟಿಷ್ ಲೈಬ್ರರಿ ರೀಡರ್ ಪಾಸ್ ಫ್ರೀ, ಐಡಿ, ಅಡ್ರೆಸ್ ಪ್ರೂಫ್ ತಗೊಂಡು ಹೋಗಿ ಮಾಡಿಸು, ವಿಜಾಪುರದ ಹಸ್ತಪ್ರತಿ ತರಿಸಿ ನೋಡಬೇಕು ಅಂತ ಕೇಳು. ಇನ್ನೊಂದು ಭಾಳ ಮಂದಿಗೆ ಗೊತ್ತಿಲ್ಲ, ಭಾರತದ ಪಾಸ್‌ಪೋರ್ಟ್ ಇದ್ದೂ ಕಾಮನ್‌ವೆಲ್ತ್ ಪ್ರಜೆ ಅಂತ ನೀ ಇಲ್ಲಿ ಓಟ್ ಹಾಕಬಹುದು, ಸ್ಟೂಡೆಂಟ್ ಆದ್ರೂ ನಡೀತೈತಿ, ಆನ್‌ಲೈನ್ ರಿಜಿಸ್ಟರ್ ಆಗು. ಬ್ರಿಟಿಷ್ ಮ್ಯೂಸಿಯಂನವ್ರು ವಸ್ತು ಕೊಡದಂಗ ಕೈ ಕಟ್ಟಿದ್ದು 1963ರ ಕಾಯ್ದೆ, ಅದನ್ನ ತಿದ್ದೋದು ಪಾರ್ಲಿಮೆಂಟು, ಹಂಗಾಗಿ ನಿನ್ನ ಏರಿಯಾದ ಎಂಪಿಗೆ ಪತ್ರ ಬರಿ. ನಾ ನಮ್ಮ ಎಂಪಿಗೆ ಬರದಿದ್ದು ಐತಿ, ಇಮೇಲ್ ಕಳಿಸು, ಕಾಪಿ ಕೊಡ್ತೀನಿ, ಅದರಾಗ ಬಾದಾಮಿ ಕಾಂಚಿದು ನಿನ್ನ ಮಾತಿನ್ಯಾಗ ಸೇರಿಸು.