ಅಜ್ಜಿಯ ಹಳೆ ಸೀರೆಗಳಿಂದ ಮಗುವಿಗೆ ಕೌದಿ ಹೊಲಿಯುವುದು ಹೇಗೆ?

ಮೆಷಿನ್ ಬೇಡ. ಸೂಜಿ, ದಪ್ಪ ಹತ್ತಿ ದಾರ, ತಾಳ್ಮೆ ಸಾಕು.

ಹತ್ತಿ ಸೀರೆಗಳನ್ನೇ ಆರಿಸಿ. ಸಿಂಥೆಟಿಕ್ ಬಟ್ಟೆ ಜಾರುತ್ತದೆ, ಮಗುವಿಗೆ ಸೆಕೆಯೂ ಆಗುತ್ತದೆ. ಜರಿ ಅಂಚು ಚುಚ್ಚುತ್ತೆ, ಕತ್ತರಿಸಿ ತೆಗೆಯಿರಿ. ಎಲ್ಲವನ್ನೂ ಮೊದಲೇ ಒಗೆದು ಒಣಗಿಸಿ. ಬಣ್ಣ ಬಿಡುವ ಸೀರೆ ಯಾವುದು ಅಂತ ಆಗಲೇ ಗೊತ್ತಾಗುತ್ತದೆ. ಗಟ್ಟಿ ಸೀರೆ ಕೆಳಗಿನ ಪದರಕ್ಕೆ, ಸವೆದದ್ದು ನಡುವಿನ ಪದರಕ್ಕೆ. ಪದರ ಜಾಸ್ತಿ ಆದರೆ ಸೂಜಿ ದಾಟುವುದಿಲ್ಲ. ನೆಲದ ಮೇಲೆ ಸುಕ್ಕಿಲ್ಲದೆ ಹಾಸಿ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ಉದ್ದುದ್ದ ಹೊಲಿಗೆ) ಹಾಕಿಕೊಳ್ಳಿ. ಇಲ್ಲಿ ಮಾತ್ರ ಅವಸರ ಬೇಡ.

ಮುಂದಕ್ಕೆ ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ವಿಧಾನ ನನಗೆ ತುಂಬಾ ಇಷ್ಟ. ಅವರು ಒಂದು ಮೂಲೆಯಿಂದ ಶುರು ಮಾಡುತ್ತಾರೆ. ಮೇಲೆ ಜೋಡಿಸುವ ಪ್ರತಿ ಬಟ್ಟೆ ತುಂಡಿನ ಅಂಚನ್ನು ಒಳಕ್ಕೆ ಮಡಚಿ, ನೇರ ಹೊಲಿಗೆ ಹಾಕುತ್ತಾ, ಸುತ್ತು ಬಂದು ಬಂದು ನಡುವಿಗೆ ಸೇರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫುಲ' ಇಡುತ್ತಾರೆ, ಅಂದರೆ ಹೂವು. ಎಷ್ಟು ಚೆಂದ ಅಲ್ವಾ?

ಮಗುವಿನ ಹೆಸರು ಹಾಕುವುದಿದ್ದರೆ ಬಿಡಿ ತುಂಡಿನ ಮೇಲೆ ಸರಪಳಿ ಹೊಲಿಗೆಯಲ್ಲಿ ಮೊದಲೇ ಹಾಕಿ. ಪದರ ಸೇರಿಸಿದ ಮೇಲೆ ಹಾಕಿದರೆ ಹಿಂಬದಿಯಲ್ಲಿ ಗಂಟು ಕಾಣುತ್ತದೆ. ಆ ತುಂಡನ್ನು ಅಜ್ಜಿ ತುಂಬಾ ಉಟ್ಟ ಸೀರೆಯ ಸೆರಗಿನಿಂದಲೇ ಕತ್ತರಿಸಿ.